ಕುಲಾವಿಗೆ ಚುಚ್ಚಿದ ಬೆಳ್ಳಿ

ಅಲ್ಲಲ್ಲ, ತಪ್ಪು ಹೇಳ್ದೆ, ತಡೀರಿ, ಮೊದ್ಲಿಂದ ಹೇಳ್ತೀನಿ. ನಂಗೆ ಸರಿಯಾಗಿ ಹೇಳಕ್ಕೆ ಬರಲ್ಲ, ಬೇಜಾರ್ ಮಾಡ್ಕೋಬೇಡ್ರಿ. ಮೊನ್ನೆ ಜಡೆ ಊರಿನ ನನ್ ತಂಗಿ ಸೀತಜ್ಜಿ ಮನೇಲಿ ತೊಟ್ಟಿಲು ಶಾಸ್ತ್ರದಾಗೆ ಮಗೂನ ಕುಲಾವಿಗೆ ಚುಚ್ಚಿದ್ರಲ್ಲ, ಸಣ್ಣಸಣ್ಣ ಚಮಚ ನೇತಾಡೋ ಬೆಳ್ಳಿ ಪದಕ, ಅದು ನಾರ್ವೆ ದೇಶದ್ದು. ಆದ್ರೆ ಬೆಳ್ಳಿ ವಿಷಯಕ್ಕಿಂತ ಮುಂಚೆ ತೌಡಿನ ವಿಷಯ ಹೇಳ್ಬೇಕು. ತೌಡು ಅಂದ್ರೆ ಅಕ್ಕಿ ಮಾಡ್ಸಿದಾಗ ಉದುರೋ ಪುಡಿ, ದನಕ್ಕೆ ಹಾಕ್ತೀವಲ್ಲ, ಅದೇ. ರೇಷನ್ನಾಗೂ ಅಕ್ಕಿ ಸಿಗದ ಕಾಲ, ನಾವು ಅದನ್ನೇ ರೊಟ್ಟಿ ತಟ್ಕೊಂಡು ತಿಂತಿದ್ವಿ. ಇನ್ನೊಂದು ಗೊತ್ತಿರ್ಲಿ, ಹುಟ್ಟಿದ ಮಕ್ಕಳು ಉಳೀದಿದ್ರೆ ಮುಂದಿನ ಮಗೂನ ಬೇರೆಯವ್ರಿಗೆ ತೌಡಿಗೆ ಮಾರೋ ಶಾಸ್ತ್ರ ಇತ್ತು. ಬೇರೆಯವ್ರ ಮಗು ಅಂದ್ರೆ ಸಾವು ಹುಡುಕ್ಕೊಂಡು ಬರಲ್ಲ ಅಂತ. ನಮ್ಮವ್ವ ನನ್ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳನ್ನ ಮಣ್ಣಿಗೆ ಕೊಟ್ಟಿದ್ಲು. ಆಮೇಲೆ ಹುಟ್ಟಿದ್ದು ಸೀತಾ. ನಮ್ಮಜ್ಜಿ ಮಾರು ಮಾರು ಅಂದ್ರೂ ಅವ್ವ ಒಪ್ಲಿಲ್ಲ. "ಸುಳ್ಳಿಗೂ ನನ್ ಮಗು ಇನ್ನೊಬ್ರದ್ದು ಅನ್ನಲ್ಲ ಅತ್ತೆ" ಅಂದ್ಲು.

ಆಗ ಶಿಕಾರಿಪುರದಾಗೆ ಹಾಲಿನ ಪುಡಿ ಕೊಡಕ್ಕೆ ನಾರ್ವೆಯಿಂದ ಒಬ್ರು ಬಿಳೀ ನರ್ಸಮ್ಮ ಬಂದಿದ್ರು. ನಾವೂ ಸಾಲಿನಾಗೆ ನಿಂತಿದ್ವಿ. ಸೀತನ್ನ ಎತ್ಕೊಂಡ್ರು. ಅವಳ ಪಕ್ಕೆಲುಬು ಮುಟ್ಟಿ ನೋಡಿ, ತಮ್ಮ ಕೊರಳಿನ ಹತ್ರ ಇದ್ದ ಆ ಪದಕ ಬಿಚ್ಚಿ ಮಗೂನ ಕುಲಾವಿಗೆ ಚುಚ್ಚಿಬಿಟ್ರು. ಅಜ್ಜಿ ಮೆಲ್ಲಗೆ, "ಹೋತು ಬಿಡೇ, ಬೆಳ್ಳಿ ಕೊಟ್ಟು ಕೊಂಡ್ಕಂಡ್ರು" ಅಂದ್ಲು. ಅವ್ವ ಸೆರಗಿನ ಗಂಟು ಬಿಚ್ಚಿ, ರಾತ್ರಿ ರೊಟ್ಟಿಗೆ ಅಂತ ಇದ್ದ ತೌಡನ್ನ ನರ್ಸಮ್ಮನ ಅಂಗೈಗೆ ಸುರಿದ್ಲು. "ತಗಳ್ರಿ ಅಮ್ಮಾರೆ, ನಿಮ್ ಬೆಲೆ ಮುಟ್ತು. ನನ್ ಮಗು ನಂಗೆ ಕೊಡ್ರಿ."

ಆ ನರ್ಸಮ್ಮ ಕೈ ನೋಡ್ಕೊಂಡ್ರು, ಅವ್ವನ ಮುಖ ನೋಡಿದ್ರು, ತೌಡನ್ನ ಬಾಯಿಗೆ ಹಾಕ್ಕೊಂಡ್ರು. ಹೂಂ, ತಿಂದ್ರು ಕಣ್ರೋ. ಹಸೀ ತೌಡು. ಅಗಿದು ಅಗಿದು ನುಂಗಿದ್ರು. ತಿನ್ನಕ್ಕೆ ಕೊಟ್ಟಿದ್ದು, ಬ್ಯಾಡ ಅನ್ಬಾರ್ದು ಅಂತ ತಿಳ್ಕೊಂಡಿದ್ರು ಪಾಪ.

ನರ್ಸಮ್ಮನ ಜೊತೆ ಸೊರಬದ ಆಯಾ ಒಬ್ಳಿದ್ಲು, ಇಬ್ರ ಮಾತೂ ಬರ್ತಿತ್ತು, ಅತ್ಲಾಗೂ ಇತ್ಲಾಗೂ ಕೇಳಿ ಹೇಳಿದ್ಲು. ಅವ್ರ ದೇಶದಾಗೆ ಗುಡ್ಡದೊಳಗೆ ಕಣ್ಣಿಗೆ ಕಾಣದ ಜನ ಇರ್ತಾರಂತೆ, ತೊಟ್ಟಿಲ ಮಗೂನ ಕದ್ದು ತಮ್ಮದನ್ನ ಮಲಗ್ಸಿ ಹೋಗ್ತಾರಂತೆ. ಮೈಮೇಲೆ ಬೆಳ್ಳಿ ಇದ್ರೆ ಮುಟ್ಟಲ್ಲ. ಆ ಬೆಳ್ಳಿ ಪದಕಕ್ಕೆ ಅಲ್ಲಿ ಸೋಲ್ಯೆ ಅಂತಾರೆ, ಇದು ಅವ್ರ ಅಜ್ಜಿಗೆ ಅಜ್ಜಿಯ ಅವ್ವ ಚುಚ್ಚಿದ್ದು, ಆಮೇಲೆ ಇವ್ರಿಗೆ. "ಯಾರೂ ಕೊಂಡೊಯ್ಬಾರ್ದು, ಮಗು ಅವ್ವನ ಹತ್ರನೇ ಇರ್ಲಿ ಅಂತ ಚುಚ್ಚಿದ್ದಂತೆ ಮಾರಾಯ್ತಿ."

ತೌಡಿನ ಅರ್ಥ ಗೊತ್ತಾದ ಕೂಡ್ಲೆ ನರ್ಸಮ್ಮ ಸೀತನ್ನ ಬೆಳ್ಳಿ ಸಮೇತ ಅವ್ವನ ಮಡಿಲಿಗೆ ಹಾಕಿದ್ರು. ಅವ್ವ ನೆಲದ ಮೇಲೆ ಕುಸಿದು ಕೂತು ಅಳಕ್ಕೆ ಶುರು ಮಾಡಿದ್ಲು. ಆಯಾ ಅಂದ್ಲು, "ಅಳ್ತೀ ಯಾಕೆ? ಬೆಲೆ ತಿಂದು ನುಂಗ್ಯಾರೆ, ಇನ್ನೇನ್ ಮಗೂನ ವಾಪಸ್ ಕೇಳ್ತಾರಾ?"

ಅದ್ಕೇ ಹೇಳೋದು, ಯಾರಾದ್ರೂ ಏನಾದ್ರೂ ಕೊಟ್ರೆ ಯಾಕೆ ಅಂತ ಮೊದ್ಲು ಕೇಳ್ಬೇಕು, ಆಮೇಲೆ ಹೆದರ್ಕಬೇಕು. ಹೆಂಗೆ ಅಂದ್ರೆ, ಈಗ ನಾನು ನಿನ್ ಕೈಗೆ ಒಂದು... ಹಾಂ? ತ್ರೀ ಫೇಸ್ ಕರೆಂಟು ಬಂತಾ? ಬಂದೆ ತಡಿಯವ್ವಾ, ಮೋಟರ್ ನಾನೇ ಹಾಕ್ತೀನಿ.