ಬೆನ್ನ ಹಿಂದಿನ ಕೈ

ಶನಿವಾರದ ಭಜನೆಗೆ ಮಂಗಳ ಹಾಡುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಹಿರೇಕೊಟ್ನೆಕಲ್ಲಿನ ಕರಿಮಣ್ಣಿನಲ್ಲಿ ಮಳೆ ಬಂತೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಹಾಗಾಗಿ ಏಳೆಂಟು ಜನ ಹಣಮಪ್ಪನ ಗುಡಿಯಲ್ಲೇ ಉಳಿದೆವು. ಅದು ೧೯೮೯ರ ಶ್ರಾವಣ. ನಡುತೊಲೆಗೆ ಕಟ್ಟಿದ ಒಂದೇ ಬಲ್ಬು ಅಲುಗದೆ ಉರಿಯುತ್ತಿತ್ತು. ನಾನು ಎಡಗೈಯನ್ನು ಹಿಂದಕ್ಕೆ ಊರಿ, ತಂಪು ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದೆ.

ನಮ್ಮ ನಡುವೆ ತಾಯಣ್ಣಜ್ಜನಿದ್ದ. ಮೂವತ್ತು ವರ್ಷ ರಾಯಚೂರಿನಲ್ಲಿ ರೇಡಿಯೊ ರಿಪೇರಿ ಮಾಡಿ, ಅಂಗಡಿ ಮುಚ್ಚಿ ಊರಿಗೆ ಬಂದವನು. ಅವನು ದನಿ ಎತ್ತಿದರೆ ಗುಡಿಯ ಕಲ್ಲೂ ಕೇಳಿಸಿಕೊಳ್ಳುತ್ತದೆ ಎನ್ನುತ್ತಿದ್ದರು. ಆದರೆ ತಾಳ ಕೊಟ್ಟರೆ ಮುಟ್ಟುತ್ತಿರಲಿಲ್ಲ. ದೇವರೆದುರು ಬಲಗೈ ಒಂದನ್ನೇ ಎದೆಗೆ ಹಚ್ಚಿ ತಲೆ ಬಾಗಿಸುತ್ತಿದ್ದ. ಎಡಗೈ ಬೆನ್ನ ಹಿಂದೆ. ಹೊಲದಲ್ಲಿ ಅವನ ಎರಡೂ ಕೈ ಚೆನ್ನಾಗಿಯೇ ಆಡುತ್ತಿದ್ದವು. ಬಲ್ಬು ಉರಿಯುವ ಜಾಗಕ್ಕೆ ಬಂದರೆ ಮಾತ್ರ ಎಡಗೈ ಹಿಂದೆ ಹೋಗುತ್ತಿತ್ತು. ಜೀವಮಾನವೆಲ್ಲ ಕರೆಂಟಿನ ಜೊತೆ ಕಳೆದವನು ಮನೆಗೆ ಮಾತ್ರ ಕರೆಂಟು ಹಾಕಿಸಿರಲಿಲ್ಲ. ಕಂದೀಲು ಹಚ್ಚಿಕೊಂಡು ಒಬ್ಬನೇ ಇರುತ್ತಿದ್ದ.

ಗೋಪಮ್ಮ ಎಲ್ಲರಿಗೂ ಚಹಾ ಕೊಡುತ್ತ ಅಜ್ಜನ ಮುಂದೆ ನಿಂತಳು. ಅವಳ ಬಾಯಿಗೆ ಬೀಗವಿಲ್ಲ.

"ಯಜ್ಜಾ, ಹಣಮಪ್ಪಗ ದಿನಾ ಅರ್ಧ ನಮಸ್ಕಾರ ಹಾಕ್ತಿಯಲ್ಲ, ಅವ ನಿನಗ ಅರ್ಧ ವರ ಕೊಡಬೇಕೇನು?"

ನಾವೆಲ್ಲ ನಕ್ಕೆವು. ಅಜ್ಜ ಬಲಗೈಯಿಂದ ಲೋಟ ಇಸಿದುಕೊಂಡು ನೆಲಕ್ಕಿಟ್ಟ.

"ಈ ಕೈ ನನ್ನ ಸ್ವಾಧೀನದಾಗ ಇಲ್ಲವ್ವ ಗೋಪಮ್ಮ... ಐದು ವರ್ಷಾತು. ಯಾರಿಗೂ ಹೇಳಿಲ್ಲ. ಮಳಿ ಹೆಂಗೂ ಬಿಡಂಗಿಲ್ಲ. ಕುಂದ್ರು, ಹೇಳ್ತೀನಿ."

ಗೋಪಮ್ಮ ಕುಳಿತಳು. ಅಜ್ಜ ಒಮ್ಮೆ ಬಲ್ಬಿನ ಕಡೆ ನೋಡಿ ಶುರು ಮಾಡಿದ.

"ರಾಯಚೂರು ಸ್ಟೇಶನ್ ದಾರಿಯಾಗ ವಲಿ ಪಾಷಾ ಅನ್ನೋರದು ಒಂದು ಆಟದ ಅಂಗಡಿ ಇತ್ತು. ಎರಡು ಕೇರಂ ಬೋರ್ಡು, ಮೂಲ್ಯಾಗ ಮುಂಬೈದಿಂದ ತರಿಸಿದ ಪಿನ್‌ಬಾಲ್ ಮಿಷನ್ನು. ನೀವು ನೋಡಿರಲಿಕ್ಕಿಲ್ಲ... ಮನುಷ್ಯಾ ಮಲಗೋವಷ್ಟು ಉದ್ದ ಪೆಟ್ಟಿಗಿ, ಮ್ಯಾಲ ಗಾಜು, ಒಳಗ ಉಕ್ಕಿನ ಗುಂಡು. ಪೆಟ್ಟಿಗಿ ಎರಡೂ ಬದಿಗೆ ಉಕ್ಕಿನ ಪಟ್ಟಿ, ಅದರ ಕೆಳಗ ಗುಂಡಿ. ಎರಡೂ ಕೈಲೆ ಹಿಡಕೊಂಡು ಗುಂಡಿ ಒತ್ತಿದ್ರ ಒಳಗ ಸಣ್ಣ ರೆಕ್ಕಿ ಬಡೀತಾವ, ಗುಂಡು ಮ್ಯಾಲ ಹಾರ್ತದ. ಎದುರಿನ ಹಲಗ್ಯಾಗ ಕಪ್ಪು ಗಾಜು. ಆಡಿದಂಗ ಆಡಿದಂಗ ಆ ಗಾಜಿನಾಗ ಕೆಂಡದಂಥ ಅಂಕಿ ಏರ್ತಾವ. ಅದಕ್ಕ ಡಿಸ್‌ಪ್ಲೇ ಅಂತಾರ.

"ಅದನ್ನ ನೋಡಿಕೊಳ್ಳಾಕ ಬೂದೆಪ್ಪ ಅಂತ ಒಬ್ಬ ಇದ್ದ. ದೇವದುರ್ಗದ ಕಡೆ ಅರಕೇರಾದವ. ಮೂವತ್ತರ ಹತ್ರ ವಯಸ್ಸು. ಲಗ್ನ ಇಲ್ಲ, ದೋಸ್ತರಿಲ್ಲ. ಊರಾಗ ತಾಯಿ ಮುದುಕಮ್ಮ ಒಬ್ಬಾಕಿ. ಅಂಗಡ್ಯಾಗ ಉಣ್ಣೋದು, ಅಲ್ಲೇ ಮಲಗೋದು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಒಬ್ಬನ ಆಡ್ತಿದ್ದ. ಹೆಂಗ ಆಡ್ತಿದ್ದ ಗೊತ್ತೇನು? ಆ ಮಿಷನ್ನಿನಾಗ ಇಬ್ಬರು ಪಾಳಿ ಪ್ರಕಾರ ಆಡಬಹುದು, ಒಬ್ಬೊಬ್ಬರ ಅಂಕಿಗೆ ಒಂದೊಂದು ಗಾಜು. ಒಂದು ಪಾಳಿ ತನ್ನದು ಆಡಿ, ಎರಡನೇದು ನನ್ನ ಹೆಸರಿಲೆ ಆಡ್ತಿದ್ದ. ನಾ ಆ ದಾರೀಲೆ ಹೋದ್ರ ಕೂಗೋದು... 'ತಾಯಣ್ಣ ಕಾಕಾ, ಇವತ್ತ ನೀನ ಗೆದ್ದಿ ನೋಡು! ಬಾ, ಒಂದಾಟ ಖರೇನ ಆಡು ಬಾ.' ನಾ ಸೈಕಲ್ ಮ್ಯಾಲಿಂದನ 'ನಾಳಿ ಬರ್ತೀನಿ ಬಿಡೋ' ಅಂತಿದ್ದೆ.

"ಆ ಮಿಷನ್ ಕೂಡಿಸಿದವ ನಾನ. ಅದರ ಪ್ಲಗ್ಗಿಗೆ ಮೂರು ಕಾಲು. ಅಂಗಡಿ ಗೋಡಿಗೆ ಎರಡ ತೂತು. ನಾವೆಲ್ಲ ಏನು ಮಾಡ್ತೀವ್ರಿ? ಇಕ್ಕಳ ತಗೊಂಡು ಮೂರನೇ ಕಾಲು ಮುರಿದೆ. ಆ ಕಾಲು ಅದ ಅಲ್ಲ... ಅದು ಭೂಮಿತಾಯಿದು. ಕರೆಂಟು ದಾರಿ ತಪ್ಪಿ ಪೆಟ್ಟಿಗಿಗೆ ಇಳಿದ್ರ, ಅದನ್ನ ಮಣ್ಣಿಗೆ ಒಯ್ದು ಬಿಡೋ ಕಾಲು. ನನಗ ಗೊತ್ತಿತ್ತು. ಸಾಕೆಟ್ ಬದಲು ಮಾಡಾಕ ನಾಳಿ ಬರ್ತೀನಿ ಅಂದೆ. ಆ ನಾಳಿ ಎಂಟು ತಿಂಗಳಾತು."

ಹೊರಗೆ ಮಳೆ ಇನ್ನೂ ಬಲವಾಯಿತು.

"ಎಂಬತ್ಮೂರರ ಮಳಿಗಾಲ. ಅಂಗಡಿ ಸೋರಿ ನೆಲ ಎಲ್ಲ ಹಸಿ. ಒಳಗ ಒಂದು ವೈರು ಸವೆದು ಉಕ್ಕಿನ ಪಟ್ಟಿಗೆ ತಾಗಿತ್ತು. ಬೂದೆಪ್ಪ ಬರಿಗಾಲಾಗ ನಿಂತು ಎರಡೂ ಕೈಲೆ ಆ ಪಟ್ಟಿ ಹಿಡದಾನ... ಪಾಷಾ ಬಂದು ಕರದ್ರು, ನಾ ಓಡಿದೆ. ನೆಲದ ಮ್ಯಾಲ ಬಿದ್ದಿದ್ದ. ಅವರು ಟಾಂಗಾ ತರಾಕ ಹೋದ್ರು. ನಾ ಒಬ್ಬನ ಉಳಿದೆ ಅವನ ಹತ್ರ. ಏನು ಮಾಡಿದೆ ಅಂತೀರಿ? ತಲಿ ತೊಡಿ ಮ್ಯಾಲ ಇಟ್ಟುಕೊಂಡೆನ? ಬಾಯಾಗ ನೀರು ಬಿಟ್ಟೆನ? ಇಲ್ರೆಪಾ... ಅವನ ಕೈ ನನ್ನ ಕಡಿ ಚಾಚಿತ್ತು. ಅದನ್ನ ದಾಟಿ ಹೋಗಿ, ಮುರಿದ ಕಾಲು ಯಾರಿಗೂ ಕಾಣಬಾರದಂತ ಪ್ಲಗ್ ಕಿತ್ತು, ಕತ್ತರಿಸಿ ಕಿಸೇದಾಗ ಹಾಕ್ಕೊಂಡೆ. ಆ ಕೈ ಇನ್ನೂ ಬೆಚ್ಚಗಿತ್ತೋ ಏನೋ... ಮುಟ್ಟಿ ನೋಡಲಿಲ್ಲ.

"ಎದಿ ನಿಂತದ ಅಂದ್ರು ಎಲ್ಲರೂ. ನಾನೂ ಹೌದಂದೆ. ಆಮ್ಯಾಲ ಒಳಗಿನ ವೈರು ಸರಿ ಮಾಡಿ, ಬ್ಯಾರೆ ಪ್ಲಗ್ ಹಾಕಿ ಕೊಟ್ಟೆ.

"ಆ ದಿನ ಬೂದೆಪ್ಪ ಆಡಿದ್ದು ಎಲ್ಲಾದಕ್ಕಿಂತ ದೊಡ್ಡ ಆಟ. ಹಂಗ ದೊಡ್ಡ ಅಂಕಿ ಬಂದ್ರ ಮಿಷನ್ ಅದನ್ನ ಮರೆಯಂಗಿಲ್ಲ. ಸುಮ್ಮನ ನಿಂತಾಗ ಅದನ್ನ ತೋರಿಸ್ತಿರ್ತದ. ನಾಲ್ಕು ಲಕ್ಷದ ಹದಿನೇಳು ಸಾವಿರದ ಮುನ್ನೂರಾ ಇಪ್ಪತ್ತು. ಮುದುಕಮ್ಮ ಬಂದಾಗ ಪಾಷಾ ಅದನ್ನ ತೋರಿಸಿ, 'ಯವ್ವಾ, ಇದು ನಿನ್ನ ಮಗನ ಕೈಯಿಂದು' ಅಂದ್ರಂತ. ಓದಾಕ ಬರ್ತಿರಲಿಲ್ಲ ಆಕಿಗೆ. ಬೊಗಸಿ ಹಿಡಿದಂಗ ನಿಂತು ಒಂದೊಂದು ಅಂಕಿದೂ ಆಕಾರ ನೋಡಿ ಗುರುತು ಮಾಡಿಕೊಂಡ್ಲು... ಮೊದಲು ಮುರುಕು ಕುರ್ಚಿ, ಆಮ್ಯಾಲ ಕೋಲು, ಕುಡಗೋಲು... ಕಡೀಕ ಬಳಿ. ಅಮಾಸಿಗೊಮ್ಮೆ ಬಸ್ಸು ಹತ್ತಿ ಬಂದು, ಅದರ ಮುಂದ ಕುಂತು, ಮಗನ ಕೂಡ ಮಾತಾಡಿ ಹೋಗ್ತಿದ್ಲು.

"ವರ್ಷದೊಳಗ ಆ ಗಾಜು ಸತ್ತುಹೋತು. ಎರಡು ಅಮಾಸಿ ಬರೇ ಕಪ್ಪು ಗಾಜು ನೋಡಿ ಮರಳಿ ಹೋದ್ಲು ಮುದುಕಿ. ಪಾಷಾಗ ಸಂಕಟಾಗಿ, ಹೈದರಾಬಾದಿನಿಂದ ಬ್ಯಾರೆ ಡಿಸ್‌ಪ್ಲೇ ತರಿಸಿ ನನ್ನ ಕರದ್ರು. ಹೋದೆ. ಆಕಿ ಮೆಟ್ಟಿಲ ಮ್ಯಾಲ ಕುಂತಿದ್ಲು. 'ಯಪ್ಪಾ, ಒಮ್ಮೆರ ತೋರಿಸು. ನಾಕರ ಬಸ್ಸಿಗೆ ಹೋಗ್ಬೇಕು' ಅಂದ್ಲು.

"ಮಿಷನ್ ತೆಗೆದ್ರ, ಅಂಕಿ ನೆನಪಿಡೋ ಮೂರು ಸೆಲ್ಲು ಸೋರಿ, ಒಣಗಿ, ಹಸಿರು ಕಿಲುಬು ಹಿಡಿದಿದ್ದವು. ಅಂದ್ರ ನೆನಪು ಯಾವಾಗೋ ಹೋಗ್ಯದ. ಮುದುಕಿಗೆ ಹೇಳಲಿಲ್ಲ. ಸೆಲ್ಲು ಕಿತ್ತು ತೆಗೆದೆ. ಹೊಸ ಗಾಜು ಕೂಡಿಸಿ ಸ್ವಿಚ್ ಹಾಕಿದೆ. ಹತ್ತಲಿಲ್ಲ. ಫ್ಯೂಜು ನೋಡಿದೆ, ಸರಿ ಇತ್ತು. ಆ ಗಾಜಿಗೆ ನೂರಾ ತೊಂಬತ್ತು ವೋಲ್ಟು ಬೇಕು. ಗಾಜಿನ ವೈರು ಬಿಚ್ಚಿ ಮೀಟರ್ ಹಿಡಿದ್ರ, ಸರಿಯಾಗಿ ನೂರಾ ತೊಂಬತ್ತು! ವೈರು ಕೂಡಿಸಿದ್ರ ಮುಳ್ಳು ಜರ್ರಂತ ನಲವತ್ತಕ್ಕ ಇಳೀತದ. ಗಾಜ ಕೆಟ್ಟದೇನೋ ಅಂತ ಅದನ್ನ ಎರಡನೇ ಆಟಗಾರನ ಜಾಗಕ್ಕ ಹಾಕಿದೆ, ಚೊಲೋ ಹತ್ತಿತು. ಅಲ್ಲಿಯ ಚೊಲೋ ಗಾಜು ಇಲ್ಲಿಗೆ ತಂದೆ, ಕಪ್ಪು! ಕಂಡೆನ್ಸರ್ ಬದಲಿಸಿದೆ. ಟ್ರಾನ್ಸಿಸ್ಟರ್ ಬದಲಿಸಿದೆ. ಮತ್ತ ನಲವತ್ತ. ಯಾರೋ ನಡುವ ಕುಂತು ಕುಡಿದಂಗ...

"ಈಗ ಒಂದು ಮಾತು ಹೇಳ್ತೀನಿ ಕೇಳ್ರಿ. ಕರೆಂಟಿದ್ದ ಪೆಟ್ಟಿಗ್ಯಾಗ ಕೈ ಇಡೋವಾಗ ಎಡಗೈ ಬೆನ್ನ ಹಿಂದಿರಬೇಕು. ನನಗ ಕೆಲಸ ಕಲಿಸಿದ ಉಸ್ತಾದರು ಹೊಡೆದು ಕಲಿಸಿದ್ದು. ಎರಡೂ ಕೈ ಒಳಗಿಟ್ರ ಕರೆಂಟು ಒಂದರಾಗ ಹತ್ತಿ, ಎದಿ ದಾಟಿ, ಇನ್ನೊಂದರಾಗ ಇಳೀತದ. ಅವತ್ತೂ ಹಂಗ ಎಡಗೈ ಹಿಂದಿಟ್ಟು, ಬಲಗೈಲೆ ಮೀಟರಿನ ಕಡ್ಡಿ ಹಿಡಿದು ಬಾಗಿದ್ದೆ...

"ಹಿಂದಿನಿಂದ ಯಾರೋ ನನ್ನ ಕೈ ಹಿಡಿದ್ರು."

ಗೋಪಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

"ಹಗಲು ಮೂರು ಗಂಟಿ ರೀ! ಬಾಗಲದಾಗ ಬಿಸಿಲು ಬಿದ್ದಿತ್ತು. ತಣ್ಣನ ಕೈ. ಬಳಲಿದವರು ಹಿಡೀತಾರಲ್ಲ, ಹಂಗ. ಅದ ಹೊತ್ತಿಗೆ ಮೀಟರಿನ ಮುಳ್ಳು ಏರಿತು... ನೂರು, ನೂರಾ ಐವತ್ತು, ನೂರಾ ತೊಂಬತ್ತು. ಗಾಜಿನಾಗ ಕೆಂಡ ಒಡೆದಂಗ ಅಂಕಿ ಮೂಡಿದವು. ಕುರ್ಚಿ, ಕೋಲು, ಕುಡಗೋಲು... ಸೆಲ್ಲು ನನ್ನ ಚೀಲದಾಗ ಬಿದ್ದಾವ, ನೆನಪಿರಲಿ! ಹೆದರಿ ಕೈ ಮುಂದಕ್ಕ ಜಗ್ಗಿದೆ. ಅಂಕಿ ಆರಿದವು. ಹಿಂದಕ್ಕ ಒಯ್ದೆ. ಹಿಡಕೊಂಡ. ಅಂಕಿ ಬಂದವು.

"ಅಷ್ಟರಾಗ ಮುದುಕಿ ಒಳಗ ಬಂದ್ಲು. ನೋಡಿದ್ಲು. 'ಬಂದೇನೋ ನನ್ನಪ್ಪಾ' ಅಂದು ಗಾಜಿಗೆ ಕೈ ಸವರಿ ದೃಷ್ಟಿ ತೆಗೆದ್ಲು. ನಾ ಹಂಗ ನಿಂತೆ, ಕೈ ಹಿಂದ ಕೊಟ್ಟು. ಅಮಾಸಿ ಮ್ಯಾಲ ಅಮಾಸಿ ಕೂಡಿಟ್ಟ ಮಾತೆಲ್ಲ ಆಡಿದ್ಲು... ಎಮ್ಮಿ ಕರ ಹಾಕಿದ್ದು, ಬಾಜೂ ಮನಿಯಾಕಿ ಜಗಳ ತೆಗೆದಿದ್ದು. ಆಮ್ಯಾಲ ನನ್ನ ಕಡಿ ತಿರುಗಿದ್ಲು. 'ಯಪ್ಪಾ, ನೀ ಇದರ ಒಳಗ ಹೊರಗ ಬಲ್ಲಾತ. ನನ್ನ ಮಗ ಹೆಂಗ ಹೋದ? ಖರೇ ಹೇಳು.'

"ನನ್ನ ಕೈ ಬಿಗಿ ಹಿಡಿದ್ರು ಹಿಂದ. ನೋವಾಗೋವಷ್ಟು ಅಲ್ಲ... 'ಹೇಳು ಕಾಕಾ' ಅಂದಂಗ, ಅಷ್ಟ. ನಾ ಏನಂದೆ? 'ಎದಿ ನಿಂತಿತು ಯವ್ವಾ' ಅಂದೆ.

"ಗಾಜು ಕಪ್ಪಾತು. ಮತ್ತ ಹತ್ತಲೇ ಇಲ್ಲ. ಕೈ ಮಾತ್ರ ಬಿಡಲಿಲ್ಲ. 'ಹೋದೇನೋ?' ಅಂತ ಮುದುಕಿ ಗಾಜನ್ನ ಕೇಳಿದ್ಲು. ನಾಕರ ಬಸ್ಸಿಗೆ ಹೋದಾಕಿ ಮತ್ತ ಬರಲಿಲ್ಲ. ಉಗಾದಿ ಒಳಗ ತೀರಿಕೊಂಡ್ಲಂತ. ಖರೇ ಹೇಳಬೇಕಂದ್ರ ಇನ್ನ ಯಾರ ಮುಂದ ಹೇಳಲಿ? ಕರೆಂಟು ಎಲ್ಲಿ ಅದ ಅಲ್ಲಿ ಬರ್ತಾನ, ಕೈ ಹಿಡೀತಾನ. ನಾ ಬಿಡಿಸಿಕೊಂಡ್ರ ಬೆಳಕು ಹೋಗ್ತದ. ಅದಕ್ಕ ಅಂಗಡಿ ಮುಚ್ಚಿದೆ. ಅದಕ್ಕ ಮನ್ಯಾಗ ಕಂದೀಲು."

ಅಷ್ಟರಲ್ಲಿ ತೊಯ್ದು ತೊಪ್ಪೆಯಾದ ಒಬ್ಬ ಟಾರ್ಚು ಹಿಡಿದು ಒಳಗೆ ಬಂದ. ನಮ್ಮೂರ ಲೈನ್‌ಮನ್ ಹುಸೇನಪ್ಪ. ಬಲ್ಬನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ಇದೇನ್ರೀ ಇದು? ಹಳ್ಳದ ಹತ್ರ ಕಂಬ ಬಿದ್ದು ತಾಸಾತು. ಊರೆಲ್ಲ ಕತ್ತಲಿ ಅದ. ನಿಮ್ಮಲ್ಲಿ ಹೆಂಗ ಉರಿಯಾಕತ್ತದ?"

ನಾವು ಕುಳಿತಲ್ಲಿಂದಲೇ ಹೊರಗೆ ಇಣುಕಿದೆವು. ಒಂದು ಮನೆಯಲ್ಲೂ ಬೆಳಕಿರಲಿಲ್ಲ.

"ಟಾರ್ಚ್ ಆರಿಸಪ್ಪ ಹುಸೇನಪ್ಪ," ಎಂದ ಅಜ್ಜ. ಕಿಸೆಯಿಂದ ಏನನ್ನೋ ತೆಗೆದು ಹಣಮಪ್ಪನ ಹೊಸ್ತಿಲ ಮೇಲಿಟ್ಟ. ಹಳೆಯ ಕಪ್ಪು ಪ್ಲಗ್ಗು. ಎರಡು ಕಾಲು ನೆಟ್ಟಗಿದ್ದವು. ಮೂರನೆಯದರ ಜಾಗದಲ್ಲಿ ಹಿತ್ತಾಳೆಯ ಮೋಟು.

"ಬೂದೆಪ್ಪಾ, ನಿನ್ನ ಕೊಂದಾತ ನಾನ. ನಿಮ್ಮವ್ವನ ಮುಂದ ಬಾಯಿ ಬರಲಿಲ್ಲ. ಇವರ ಮುಂದ, ಈ ದೇವರ ಮುಂದ ಹೇಳೀನಿ."

ನಿಧಾನವಾಗಿ ಎಡಗೈಯನ್ನು ಮುಂದೆ ತಂದ. ಬಲ್ಬು ಆರಿತು. ಕತ್ತಲಲ್ಲಿ ಎರಡು ಅಂಗೈ ಕೂಡಿದ ಸಣ್ಣ ಸದ್ದು ಕೇಳಿತು. ಆಮೇಲೆ ಮಳೆ, ಮಳೆಯೊಳಗೆ ಅಜ್ಜನ ಬಿಕ್ಕು. ಐದು ವರ್ಷದ ಮೇಲೆ ಆ ಮುದುಕ ತನ್ನ ದೇವರಿಗೆ ಪೂರ್ತಿ ಕೈ ಮುಗಿದಿದ್ದ. ಎಷ್ಟು ಹೊತ್ತಾಯಿತೋ ತಿಳಿಯದು.

ಬಲ್ಬು ಮತ್ತೆ ಹತ್ತಿತು.

ಅಜ್ಜನ ಎರಡೂ ಕೈ ಎದೆಯ ಮುಂದೆ ಮುಗಿದೇ ಇದ್ದವು. ಅವನು ತಲೆಯೆತ್ತಿ ಬೆಳಕನ್ನು ನೋಡಿದ. ಆಮೇಲೆ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದ. ಅವನ ಕಣ್ಣು ನನ್ನ ಮೇಲೆ ನಿಂತಿತು.

"ನನ್ನನ್ನೇನೋ ಬಿಟ್ಟ..." ಎಂದ ಮೆಲ್ಲಗೆ. "ಕೈ ಹಿಂದ ಊರಿ ಕುಂತೀರಲ್ಲ, ಜಗ್ಗಬ್ಯಾಡ್ರಿ. ಒಂದೀಟು ಹೊತ್ತು ಹಿಡಕೊಳ್ಳಲಿ. ಅವಗ ಯಾರೂ ಇಲ್ಲ."