ಅರುಣಾ ತಂದ ಮಸುಕು ಪ್ರೊಜೆಕ್ಟರ್

ನಮ್ಮ ದೊಡ್ಡಮ್ಮನ ಮಗಳು ಅರುಣಾ ಆವತ್ತು ದೇವನಹಳ್ಳಿಯಿಂದ ಕೊನೇ ಬಸ್ಸಿಗೆ ಬಂದು ದೊಡ್ಡಬಳ್ಳಾಪುರದಲ್ಲಿ ಇಳಿದಾಗ ಊರಲ್ಲಿ ಕರೆಂಟಿರಲಿಲ್ಲ. ಕಂಕುಳಲ್ಲಿ ಒಂದು ರಟ್ಟಿನ ಡಬ್ಬ. ಡಬ್ಬದಲ್ಲಿ ಪ್ರೊಜೆಕ್ಟರ್.

ನೇಕಾರರ ಬೀದಿಯಲ್ಲಿ ಕರೆಂಟು ಹೋದರೆ ಕತ್ತಲಿಗಿಂತ ಮೊದಲು ಕಿವಿ ಖಾಲಿಯಾಗುತ್ತದೆ. ಹಗಲೂ ರಾತ್ರಿ ಬಡಿಯುವ ಪವರ್‌ಲೂಮುಗಳು ಒಟ್ಟಿಗೇ ನಿಂತವು ಅಂದರೆ ತೊಟ್ಟಿಲಲ್ಲಿರೋ ಮಕ್ಕಳು ಬೆಚ್ಚಿ ಎದ್ದು ಅಳುತ್ತವೆ. ಅರುಣಾಗೆ ತನ್ನ ಚಪ್ಪಲಿಯ ಚಟ್ ಚಟ್ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ... ಬೀದಿಯ ತಿರುವಿನಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಳೇ ಬಾವಿ. ಅದನ್ನು ದಾಟುವಾಗ ಕೇಳಿಸಿತು.

ಟಕ್... ಟಕ್‌ಟಕ್. ಟಕ್... ಟಕ್‌ಟಕ್.

ಒಂದೇ ಒಂದು ಮಗ್ಗ. ಕುಂಟುವ ಮಗ್ಗ. ಆ ಕುಂಟು ಅವಳಿಗೆ ಗೊತ್ತು. ಅವಳ ಮನೆಯ ಶೆಡ್ಡಿನಲ್ಲಿ ಬಾಗಿಲ ಪಕ್ಕದ ಮಗ್ಗ ಹಾಗೇ ಬಡಿಯುತ್ತಿತ್ತು, ಎಷ್ಟು ಸಲ ರಿಪೇರಿ ಮಾಡಿಸಿದರೂ. ಆದರೆ ಅವಳು ಮಾರಿದ ನಾಲ್ಕೂ ಮಗ್ಗ ಲಾರಿ ಹತ್ತಿ ಸೇಲಂ ಕಡೆ ಹೋಗಿ ಎಂಟು ತಿಂಗಳಾಗಿತ್ತು.

ಅವಳು ನಿಂತಳು. ಅದೂ ನಿಂತಿತು. ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು... ತೊಳಕ್.

ಅಷ್ಟರಲ್ಲಿ ಕರೆಂಟು ಬಂತು. ಇಡೀ ಬೀದಿ ಒಂದೇ ಸಲ ಬಡಿಯತೊಡಗಿತು. ಇನ್ನು ಕಿವಿಗೊಟ್ಟು ಪ್ರಯೋಜನವಿರಲಿಲ್ಲ.

ಪ್ರೊಜೆಕ್ಟರ್ ಯಾಕೆ ಬೇಕು ಅಂತ ಕೇಳಿದವರಿಗೆಲ್ಲ ಅವಳು ಸಿನಿಮಾ ನೋಡೋಕೆ ಅನ್ನುತ್ತಿದ್ದಳು. ಜನ ನಂಬಿದರು. ಗಂಡ ಇಲ್ಲ, ಮಕ್ಕಳಿಲ್ಲ, ಸೀರೆಗೆ ಕುಚ್ಚು ಕಟ್ಟಿ ನಾಲ್ಕು ಕಾಸು ಕೂಡಿಟ್ಟಿದ್ದಾಳೆ, ನೋಡಲಿ ಬಿಡಿ ಅಂದರು. ನಿಜ ಬೇರೆಯಿತ್ತು.

ಗಂಡ ಉಮಾಶಂಕರ್ ತೀರಿಕೊಂಡ ದಿನ ಅವಳು ಊರಲ್ಲಿರಲಿಲ್ಲ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದವಳು ರಾತ್ರಿ ಅಲ್ಲೇ ಉಳಿದುಬಿಟ್ಟಳು. ಇಲ್ಲಿ ಅವನು ಮಗ್ಗಗಳ ನಡುವೆ ಬಿದ್ದ. ಬಿದ್ದ ಸದ್ದು ಆ ಗದ್ದಲದಲ್ಲಿ ಯಾರಿಗೆ ಕೇಳಿಸೀತು? ನೂಲು ಮುಗಿದು ಒಂದೊಂದೇ ಮಗ್ಗ ತಾನಾಗಿ ನಿಂತಿತು. ನಾಲ್ಕನೆಯದೂ ನಿಂತ ಮೇಲೆ ಪಕ್ಕದ ಮನೆಯ ಮುನಿಶಾಮಪ್ಪನಿಗೆ, ಗೋಡೆಯಾಚೆ ಸದ್ದಿಲ್ಲವಲ್ಲ ಅಂತ ಎಚ್ಚರವಾಯಿತಂತೆ. ಬಂದು ನೋಡುವಾಗ ಎಲ್ಲ ಮುಗಿದಿತ್ತು.

ಅವನು ಬೀಳುವ ಮೊದಲು, ಅದೇ ಸಂಜೆ ಅವಳ ನಾದಿನಿಯ ಮಗಳು ಕೀರ್ತನಾ ಬಂದು, ಮಗ್ಗ ಓಡುವಾಗ ಮಾವನ ಒಂದು ವಿಡಿಯೋ ತೆಗೆದುಕೊಂಡು ಹೋಗಿದ್ದಳು. ಒಂದು ನಿಮಿಷ ಹನ್ನೆರಡು ಸೆಕೆಂಡು. ಅದರಲ್ಲಿ ಉಮಾಶಂಕರ್ ಎರಡು ಮಗ್ಗಗಳ ಸಂದಿಯಲ್ಲಿ ನಿಂತು ಏನೋ ಹೇಳುತ್ತಾನೆ. ಕೇಳಿಸುವುದು ಮಗ್ಗದ ಬಡಿತ ಮಾತ್ರ. ಏನಂದ್ರು ಅಂದರೆ ಕೀರ್ತನಾಗೂ ಗೊತ್ತಿಲ್ಲ. ಆ ಸದ್ದಲ್ಲಿ ನಂಗೂ ಕೇಳಿಸ್ಲಿಲ್ಲ ಅತ್ತೆ, ಸುಮ್ನೆ ತಲೆ ಆಡಿಸ್ದೆ ಅಂದಳು.

ಮಗ್ಗದ ಮನೆಯವರಿಗೆ ಕಿವಿ ಬೇಡ, ಕಣ್ಣು ಸಾಕು. ಶೆಡ್ಡಿನಲ್ಲಿ ಕೂಗಿ ಪ್ರಯೋಜನವಿಲ್ಲದ್ದರಿಂದ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಅರುಣಾ ಇಪ್ಪತ್ತೆರಡು ವರ್ಷ ಗಂಡನ ಜೊತೆ ಸಂಸಾರ ಮಾಡಿದ್ದು, ಜಗಳ ಆಡಿದ್ದು, ಹೆಚ್ಚುಕಮ್ಮಿ ಎಲ್ಲ ಹಾಗೇ. ಧೂಳು ತುಂಬಿದ ಮಂಕು ಬಲ್ಬಿನ ಕೆಳಗೆ, ನಾಲ್ಕು ಮಗ್ಗದಾಚೆಯಿಂದ ಅವನು ತುಟಿ ಅಲ್ಲಾಡಿಸಿದರೆ ಅವಳು ಕಾಫಿ ತಂದುಕೊಡುತ್ತಿದ್ದಳು. ಆದರೆ ಕೀರ್ತನಾ ಅವಳ ಫೋನಿಗೆ ಕಳಿಸಿದ್ದರಲ್ಲಿ ಅವನ ಮುಖ ಕಡಲೆಬೀಜದಷ್ಟು. ಹಿಗ್ಗಿಸಿದರೆ ಚುಕ್ಕಿಚುಕ್ಕಿ. ಹಳೇ ಪುಟ್ಟ ಟಿವಿಗೆ ಹಾಕಿಸಿ ನೋಡಿದಳು, ಆಗಲಿಲ್ಲ. ಆಳೆತ್ತರಕ್ಕೆ ನಿಂತರೆ ಖಂಡಿತ ತಿಳಿಯುತ್ತೆ ಅನ್ನೋದು ಅವಳ ನಂಬಿಕೆ. ಕೊನೆಯದಾಗಿ ಅವನು ಏನಂದ? ತನ್ನನ್ನು ಕೇಳಿದನಾ? ಅಷ್ಟು ತಿಳಿದರೆ ಸಾಕಿತ್ತು.

ದೇವನಹಳ್ಳಿಯ ಅಂಗಡಿಯ ವಿಜಯ್ ಎಷ್ಟು ಇಂಚಿನ ಪರದೆ ಬೇಕಕ್ಕ ಅಂತ ಕೇಳಿದ್ದಕ್ಕೆ ಅವಳು, “ಐದಡಿ ಆರಂಗುಲದ ಆಳು ಹಿಡಿಸ್ಬೇಕಪ್ಪ” ಅಂದಳಂತೆ. ವಿಜಯ್ ನಗಲಿಲ್ಲ, ಒಳ್ಳೆಯವನು. ಅಗ್ಗದ್ದು ಬೇಡ ಅಂತಲೂ ಹೇಳಿದ. ಡಬ್ಬದ ಮೇಲೆ ಫೋರ್ ಕೆ ಅಂತ ಬರೆದಿರುತ್ತಾರೆ, ಅದು ಎಂಥ ವಿಡಿಯೋ ಹಾಕಿದರೂ ತಗೊಳ್ಳುತ್ತೆ ಅನ್ನೋದಕ್ಕೆ. ಗೋಡೆ ಮೇಲೆ ಬಿಡೋದು ಬೇರೆ ಲೆಕ್ಕ, ನೇಟಿವ್ ಎಷ್ಟು, ಅಂದರೆ ಅದು ನಿಜವಾಗಿ ಎಷ್ಟು ಸಾಲು ಚುಕ್ಕಿ ಬಿಡುತ್ತೆ ಅಂತ ಕೇಳಬೇಕು ಅಂದ. ಸಾವಿರದ ಎಂಬತ್ತು ಸಾಲಿರೋದು ತಗೊಂಡರೆ ಮುಖ ಕಾಣುತ್ತೆ, ಆದರೆ ಬೆಲೆ ಮೂರು ಪಟ್ಟು. ಅವಳು ಅಗ್ಗದ್ದನ್ನೇ ಹಿಡಿದಳು. ಸರಿಹೋಗದಿದ್ದರೆ ಒಂದು ವಾರದೊಳಗೆ ತನ್ನಿ, ಬದಲಾಯಿಸಿಕೊಡ್ತೀನಿ ಅಂತ ಅವನೇ ಹೇಳಿ ಕಳಿಸಿದ.

ಆವತ್ತು ರಾತ್ರಿ ಖಾಲಿ ಶೆಡ್ಡಿನ ಬಾಗಿಲು ಹಾಕಿಕೊಂಡು, ಸ್ಟೂಲಿನ ಮೇಲೆ ಅದನ್ನಿಟ್ಟು, ಕೀರ್ತನಾಳ ಫೋನಿನಿಂದ ಮೂಲ ವಿಡಿಯೋ ಹಾಕಿಸಿಕೊಂಡಿದ್ದ ಪೆನ್‌ಡ್ರೈವ್ ಸಿಕ್ಕಿಸಿದಳು. ಫ್ಯಾನು ಸುಯ್ ಅಂತು. ಮಗ್ಗದ ಸದ್ದು ಬೇಡ ಅಂತ ವಾಲ್ಯೂಮ್ ಪೂರ್ತಿ ತಗ್ಗಿಸಿದಳು. ಸುಣ್ಣದ ಗೋಡೆಯ ಮೇಲೆ ಉಮಾಶಂಕರ್ ಎದ್ದು ನಿಂತ. ಆಳೆತ್ತರ. ಆದರೆ ಮಸುಕು... ಆವಿ ಹಿಡಿದ ಕನ್ನಡಿಯಲ್ಲಿ ಕಂಡ ಹಾಗೆ.

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ತುಟಿ ಅಲ್ಲಾಡಿತು.

“ಬಂದ್ಯಾ?”

ಕೀರ್ತನಾಗೆ ಹೇಳಿರಬೇಕು ಅಂದುಕೊಂಡಳು. ವಿಡಿಯೋ ಮುಗಿಯಿತು. ಮತ್ತೆ ಹಾಕಿದಳು. ಅವನು ಸಂದಿಯಲ್ಲಿ ನಿಂತ, ಆಮೇಲೆ...

“ಊಟ ಆಯ್ತಾ?”

ಅದೇ ವಿಡಿಯೋ. ಅದೇ ಅಂಗಿ. ಮಾತು ಬೇರೆ.

ಅವಳು ದನಿ ಬಿಡಲಿಲ್ಲ. ಶೆಡ್ಡಿನಲ್ಲಿ ಯಾರು ದನಿ ಬಿಡುತ್ತಾರೆ? ಬರೀ ತುಟಿಯಲ್ಲೇ ಅಂದಳು, ಇನ್ನೂ ಇಲ್ಲ. ಅಂದವಳೇ ಹೆದರಿ ಪ್ಲಗ್ಗು ಕಿತ್ತಳು. ಆ ರಾತ್ರಿ ಮಲಗಲಿಲ್ಲ.

ಅರುಣಾ ದಡ್ಡಿಯಲ್ಲ. ಬೆಳಗಾದ ಮೇಲೆ ಯೋಚಿಸಿದಳು: ಮಸುಕಲ್ಲಿ ಮನಸ್ಸು ಬೇಕಾದ್ದನ್ನು ಓದಿಕೊಳ್ಳುತ್ತೆ. ಸರಿಯಾದ್ದು ತಂದು ನೋಡಿಬಿಡೋಣ. ಡಬ್ಬ ಕಟ್ಟಿಕೊಂಡು ದೇವನಹಳ್ಳಿಗೆ ಹೋಗಿ, ಕಿವಿಯೋಲೆ ಅಡವಿಟ್ಟ ದುಡ್ಡು ಸೇರಿಸಿ, ವಿಜಯ್ ಹೇಳಿದ ದುಬಾರಿಯದನ್ನೇ ತಂದಳು.

ರಾತ್ರಿ ಹಾಕಿದಳು. ಏನು ಬೆಳಕು, ಏನು ಚುರುಕು! ಗಡ್ಡದ ಬಿಳಿ ಕೂದಲನ್ನು ಎಣಿಸಬಹುದಿತ್ತು, ರೆಪ್ಪೆಗೆ ಅಂಟಿದ ನೂಲಿನ ಧೂಳೂ ಕಂಡಿತು. ತುಟಿ ಅಲ್ಲಾಡಿತು. ಈ ಸಲ ಅನುಮಾನವೇ ಇರಲಿಲ್ಲ.

“ಸಾಕು ನಿಲ್ಸೇ. ಬ್ಯಾಟ್ರಿ ಮುಗ್ದೋಗುತ್ತೆ.”

ಇಪ್ಪತ್ತು ಸಲ ಹಾಕಿದಳು. ಇಪ್ಪತ್ತು ಸಲವೂ ಅದೇ. ಅವನು ಕೀರ್ತನಾಳ ಫೋನಿನ ಬ್ಯಾಟರಿಯ ಚಿಂತೆ ಮಾಡುತ್ತಿದ್ದ, ಅಷ್ಟೇ. ಅರುಣಾ ಎಲ್ಲಿ ಅಂತ ಕೇಳಲಿಲ್ಲ, ಬಂದಳಾ ಅನ್ನಲಿಲ್ಲ. ಒಂದೂವರೆ ವರ್ಷದಿಂದ ಕಾದದ್ದು ಇದಕ್ಕಾ? ಗೋಡೆಯ ಮೇಲೆ ಅಷ್ಟು ಸ್ಪಷ್ಟವಾಗಿ ನಿಂತಿದ್ದರೂ ಅವನು ಅಲ್ಲಿರಲಿಲ್ಲ. ಅವನು ಸತ್ತದ್ದು ತನಗೆ ಆವತ್ತೇ ಪೂರ್ತಿ ತಿಳಿಯಿತು ಅಂತ ಅವಳು ನನ್ನ ಹತ್ತಿರ ಹೇಳಿದ್ದುಂಟು. ಹೊರಗೆ ಬೀದಿಯೆಲ್ಲ ಬಡಿಯುತ್ತಿತ್ತು, ಒಳಗೆ ಅವಳೊಬ್ಬಳೇ ತಣ್ಣನೆ ನೆಲದ ಮೇಲೆ ಕೂತಿದ್ದಳು.

ಎರಡು ದಿನ ಬಿಟ್ಟು ಮೊದಲ ಬಸ್ಸಿಗೇ ಹೋದಳು. ಹಳೇದು ವಾಪಸ್ ಕೊಡು ಅಂದಳು. ವಿಜಯ್‌ಗೆ ತಲೆ ಬುಡ ಗೊತ್ತಾಗಲಿಲ್ಲ. ಅದನ್ನು ಅವನು ನಡುವೆ ಇನ್ನೊಬ್ಬರಿಗೆ ಮಾರಿದ್ದನಂತೆ, ಅವರು ಒಂದೇ ರಾತ್ರಿಗೆ ತಂದುಕೊಟ್ಟಿದ್ದರಂತೆ. ಕಾರಣ ಹೇಳಲಿಲ್ಲವಂತೆ, ದುಡ್ಡೂ ಪೂರ್ತಿ ಕೇಳಲಿಲ್ಲವಂತೆ.

“ಅಕ್ಕ, ಅದು ಕಸ. ಮುಖಾನೇ ಕಾಣಲ್ಲ.”

“ನಂಗೆ ಕಾಣುತ್ತೆ, ಕೊಡಪ್ಪ.”

ಆ ರಾತ್ರಿ ಅವಳು ಒಬ್ಬಳೇ ನೋಡಲಿಲ್ಲ. ತನಗೆ ಹುಚ್ಚು ಹಿಡಿದಿದೆಯಾ ಅಂತ ತಿಳಿಯಬೇಕಿತ್ತು. ಮುನಿಶಾಮಪ್ಪನನ್ನು ಕರೆದಳು. ಅವನೂ ಐವತ್ತು ವರ್ಷ ಮಗ್ಗ ನಡೆಸಿದವನು, ತುಟಿ ಓದೋದರಲ್ಲಿ ಅವಳಿಗಿಂತ ಪಳಗಿದವನು. ಏನು ಎತ್ತ ಅಂತ ಏನೂ ಹೇಳದೆ ಹಾಕಿದಳು. ಸುಯ್... ಮಸುಕಾಗಿ ಗೋಡೆಯ ಮೇಲೆ ಉಮಾಶಂಕರ್ ನಿಂತ.

ಅರುಣಾ ಗೋಡೆ ನೋಡಲಿಲ್ಲ. ಮುದುಕನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಮುದುಕನ ತುಟಿ ಸದ್ದಿಲ್ಲದೆ ಅಲ್ಲಾಡಿತು. ಹ್ಞೂ, ಆಯ್ತು ಕಣಪ್ಪ.

ವಿಡಿಯೋ ಮುಗಿಯಿತು. ಮುನಿಶಾಮಪ್ಪ ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು ಎದ್ದ. ಬಾಗಿಲ ಹತ್ತಿರ ಹೋದವನು ನಿಂತ.

“ಏನಂದ್ರು, ಮಾವ?” ಅವಳು ಪಿಸುಗುಟ್ಟಿದಳು.

“ಏನಿಲ್ಲಮ್ಮ. ಊಟ ಆಯ್ತಾ ಅಂದ.” ಚಪ್ಪಲಿ ಮೆಟ್ಟಿದ. “ನಿಂಗೂ ಅದನ್ನೇ ಕೇಳ್ತಾನಾ?”

ಅವಳು ಹೌದು ಅಂತ ತಲೆಯಾಡಿಸಿದಳು.

“ಹಂಗಾದ್ರೆ ಉಂಡ್ಬಿಟ್ಟು ಹಾಕು. ಸುಳ್ಳು ಹೇಳ್ಬೇಡ.”

ಅವನು ಮತ್ತೆ ಆ ಶೆಡ್ಡಿನ ಕಡೆ ಬಂದಿಲ್ಲ. ಅರುಣಾ ದಿನಾ ಒಂಬತ್ತಕ್ಕೆಲ್ಲ ಅಡುಗೆ ಮಾಡಿಕೊಂಡು ಉಣ್ಣುತ್ತಾಳೆ, ಆಮೇಲೆ ಒಂದೇ ಒಂದು ಸಲ ಹಾಕುತ್ತಾಳೆ. ಅವನು ಕೇಳುತ್ತಾನೆ, ಅವಳು ಹೇಳುತ್ತಾಳೆ. ಬೇರೆ ಮಾತಿಲ್ಲ. ಗಂಡ ಬದುಕಿದ್ದಾಗಲೂ ರಾತ್ರಿ ಪಾಳಿಯಲ್ಲಿ ಇದಕ್ಕಿಂತ ಹೆಚ್ಚು ಮಾತಿರಲಿಲ್ಲ ಅನ್ನುತ್ತಾಳೆ.

ಕಟ್ಟುಕತೆ ಅಂದುಕೊಳ್ಳುವವರು ಅಂದುಕೊಳ್ಳಲಿ. ಹೋದ ಶ್ರಾವಣದಲ್ಲಿ ನಾನೇ ಅಲ್ಲಿಗೆ ಹೋಗಿ ನೋಡಿದ್ದೇನೆ. ನನಗೆ ತುಟಿ ಓದೋಕೆ ಬರೋದಿಲ್ಲ, ಹಾಗಾಗಿ ಅವನು ಏನಂದ ಅಂತ ಆಣೆ ಮಾಡಲಾರೆ. ಆದರೆ ಕಣ್ಣಿದೆ. ಕೀರ್ತನಾಳ ಫೋನಿನಲ್ಲಿ ಅವನು ಮೊದಲಿಂದ ಕೊನೆಯವರೆಗೂ ನಿಂತೇ ಇದ್ದಾನೆ. ಆ ಸಂದಿಯಲ್ಲಿ ಒಬ್ಬ ಆಳು ಕೂರುವಷ್ಟು ಜಾಗವೂ ಇಲ್ಲ.

ಗೋಡೆಯ ಮೇಲಿನ ಆ ಮಸುಕು ಬೆಳಕಿನಲ್ಲಿ ಅವನು ಕೂತಿದ್ದ.