ಯಾರೂ ಕರೆಯದೆ ಎದ್ದ ನಟಿ

ಅರವತ್ತರ ದಶಕದ ಒಂದು ಮಧ್ಯಾಹ್ನ, ಬಿರುಗಾಳಿ ಬಂದು ಕೌಲೂನಿನ ಸ್ಟುಡಿಯೊದಲ್ಲಿ ಕರೆಂಟು ಹೋಯಿತು. ದೃಶ್ಯಕ್ಕಾಗಿ ಶವಪೆಟ್ಟಿಗೆಯಲ್ಲಿ ಸತ್ತು ಮಲಗಿದ್ದ ಹೊಸ ನಟಿ ಸಿಯುಲಾನ್ ಅದನ್ನೇ ನೆಪ ಮಾಡಿಕೊಂಡು ಎದ್ದು ನೂಡಲ್ಸ್ ಬಟ್ಟಲಿಗೆ ಕೈಹಾಕಿದಳು. ಮೇಕಪ್ಪಿನ ಪಿಂಗ್ ಅಜ್ಜಿ ಬಟ್ಟಲು ಕಿತ್ತುಕೊಂಡು ಅವಳನ್ನು ಮತ್ತೆ ಮಲಗಿಸಿದಳು. ಸತ್ತ ಪಾತ್ರ ಮಾಡಿದವರನ್ನು ನಿರ್ದೇಶಕನೇ ಕರೆದು ಎಬ್ಬಿಸಬೇಕು, ಇಲ್ಲದಿದ್ದರೆ ಸಾವು ಅಂಟಿಕೊಳ್ಳುತ್ತದೆ ಎಂಬುದು ಅಲ್ಲಿನವರ ನಂಬಿಕೆ. ನಿರ್ದೇಶಕ ಬಂದು, ಪಾತ್ರದ ಹೆಸರಲ್ಲ, ಅವಳ ಸ್ವಂತ ಹೆಸರು ಹಿಡಿದು ಕರೆದು, ಅವಳು ಕ್ಯಾಮೆರಾ ನೋಡಿ ಒಮ್ಮೆ ನಕ್ಕ ಮೇಲೆಯೇ ಬಟ್ಟಲು ವಾಪಸು ಸಿಕ್ಕಿತು.

“ಸತ್ತಿದ್ದು ನಾನು, ಹೆದರಿಕೆ ನಿಮಗಾ ಅಜ್ಜಿ?” ಎಂದಳು ಹುಡುಗಿ. ಲೈಟಿನವರು ನಕ್ಕರು. ಮಳೆಗೆ ಯಾರೂ ಎಲ್ಲೂ ಹೋಗುವಂತಿರಲಿಲ್ಲ. ಅಜ್ಜಿ ನಿಧಾನವಾಗಿ ಸಿಗರೇಟು ಹಚ್ಚಿದಳು.

“ನಿನ್ನ ಹಾಗೇ ಒಬ್ಬಳು ಎದ್ದಿದ್ಲು ಕಣೇ, ಶಾಂಘೈನಲ್ಲಿ... ಶು ವಾನ್ಯಿಂಗ್ ಅಂತ. ದೊಡ್ಡ ನಟಿ. ಬೇರೆಯವರು ಬಿಡುವಿದ್ರೆ ಇಸ್ಪೀಟಾಡ್ತಾರಲ್ಲ, ಇವಳು ವಿಮಾನ ಹಾರಿಸೋಳು. ಒಂದಿನ ವಿಷ ಕುಡಿದು ಸಾಯೋ ದೃಶ್ಯ. ಪ್ರಾಣ ಹೋಯ್ತು, ಬಿಳಿ ಬಟ್ಟೆ ಹೊದಿಸಿದ್ವಿ, ಅಷ್ಟರಲ್ಲಿ ಜಪಾನಿನವರ ಬಾಂಬು ಬಿತ್ತು ನೋಡು, ಮೊದಲು ಓಡಿದವನೇ ನಿರ್ದೇಶಕ ತಾವೊ. ಇವಳು ತಾನೇ ಬಟ್ಟೆ ಸರಿಸಿ ಎದ್ದು ಬಂದ್ಲು. ಕರೆದವರು ಯಾರು? ಯಾರೂ ಇಲ್ಲ...

ಆಮೇಲೆ ಗಾಯಾಳುಗಳಿಗೆ ಔಷಧಿ ಹೊತ್ತು ಹಾರೋಕೆ ಶುರು ಮಾಡಿದ್ಲು. ಬೆಟ್ಟಕ್ಕೆ ಮಂಜು ಕವಿದು ಗಂಡಸು ಪೈಲಟ್‌ಗಳಿಗೆಲ್ಲ ಹೊಟ್ಟೆನೋವು ಬಂದ ದಿನ ಇವಳು ಹೊರಡೋಳು. ಪೇಪರಿನವರು ಧೈರ್ಯ ಅಂತ ಬರೆದ್ರು. ತಲೆ ಬಾಚೋ ನಂಗೆ ಗೊತ್ತಿಲ್ವಾ? ‘ಸತ್ತಾಗಿದೆಯಲ್ಲ ಪಿಂಗಕ್ಕ, ಇನ್ನೇನು’ ಅಂತಿದ್ಲು. ತಮಾಷೆಗಲ್ಲ. ಹೀಗೇ ಬಿಟ್ರೆ ಸಾವು ತನ್ನ ಪಾಲು ಕೇಳಿಕೊಂಡು ಬರುತ್ತೆ, ತಾವೊನೇ ಅವಳನ್ನ ಕರೀಲಿ ಅಂತ ನಾನು ಅವನ್ನ ಹುಡುಕಿಕೊಂಡು ಚೆಂಗ್ಡುವರೆಗೂ ಹೋದೆ. ಟೀ ಅಂಗಡೀಲಿ ಕೂತು ವೀರರ ನಾಟಕ ಬರೀತಿದ್ದ. ಇದೆಲ್ಲ ಮೂಢನಂಬಿಕೆ ಅಂದ. ಟೋಪಿ ಹಾಕ್ಕೊಂಡು ಜೊತೇಲಿ ಹೊರಟ ಮಾತ್ರ.

ವಿಮಾನ ಇಳಿಯೋ ಬಯಲಲ್ಲಿ ನಿಂತ್ವಿ. ಕೈ ಚಾಚಿದ್ರೆ ಕೈ ಕಾಣದಷ್ಟು ಮಂಜು. ಮೇಲೆ ಅವಳ ವಿಮಾನದ ಸದ್ದು... ಸುತ್ತುತ್ತೆ, ಸುತ್ತುತ್ತೆ, ಇಳಿಯಲ್ಲ. ತಾವೊ ಬಾಯಿಗೆ ಕೈಯಿಟ್ಟು ಕೂಗಿದ. ‘ವಾನ್ಯಿಂಗ್, ಮುಗೀತು, ಎದ್ದು ಬಾ.’

ಸದ್ದು ನಿಂತಿತು. ದೂರ ಹೋಗಲಿಲ್ಲ, ಬೀಳಲಿಲ್ಲ... ನಿಂತಿತು.

ಮಂಜಿನೊಳಗಿಂದ ನಡ್ಕೊಂಡು ಬಂದ್ಲು. ಹಿಂದೆ ವಿಮಾನ ಇಲ್ಲ. ತಾವೊ ಮುಖ ನೋಡಿ ಚಂದವಾಗಿ ನಕ್ಕಳು. ಸದ್ಯ, ಬದುಕಿದ್ಲು ಅಂತ ನಾನು ಅವಳ ಕೈ ಹಿಡ್ಕೊಂಡೆ. ಆಗ ವೈರ್‌ಲೆಸ್ಸಿನವನು ಓಡಿಬಂದ. ಶು ಅವರ ವಿಮಾನ ಬೆಳಿಗ್ಗೆ ಬೆಟ್ಟಕ್ಕೆ ಹೊಡೀತಂತೆ, ಹಳ್ಳಿಯವರು ಮಣ್ಣೂ ಮಾಡಿಯಾಯ್ತಂತೆ ಅಂದ. ಆಮೇಲೆ ಅವನು ನಾನು ಯಾರ ಕೈ ಹಿಡಿದಿದೀನಿ ಅಂತ ನೋಡಿದ.”

ಸಿಯುಲಾನ್ ಬಟ್ಟಲು ಕೆಳಗಿಟ್ಟಳು.

“ತಾವೊ ಅವತ್ತೇ ಊರು ಬಿಟ್ಟ. ಎಬ್ಬಿಸೋಕೆ ಕ್ರಮ ಇದೆ, ಸರಿ... ತಿರುಗಿ ಮಲಗಿಸೋಕೆ? ನಾನು ಕೇಳದ ಸನ್ಯಾಸಿ ಇಲ್ಲ.” ಅಜ್ಜಿ ಸಿಗರೇಟು ಆರಿಸಿ ಕೊಡೆ ಎತ್ತಿಕೊಂಡಳು.

“ಈ ಗಾಳೀಲಿ ಎಲ್ಲಿಗಜ್ಜಿ?”

“ಮನೆಗೆ. ನಂಗೆ ಎಪ್ಪತ್ತಾಯ್ತು, ಅವಳಿಗಿನ್ನೂ ಅವತ್ತಿನ ಮೂವತ್ತೊಂದೇ. ಗಾಳಿ ಎದ್ದ ದಿನ ಕಿಟಕಿ ತೆಗೆದು ನಿಂತು, ಹೋಗ್ಲಾ ಅಕ್ಕ ಅಂತ ಕೇಳ್ತಾಳೆ... ಬೇಡ ಅನ್ನೋಕೆ ಒಬ್ಬರು ಮನೇಲಿರಬೇಕಲ್ಲ.”